ಲಂಗರಿನ ಗುಂಡಿ

ಹುಣಸೆಹಣ್ಣನ್ನು ಬೂದಿಯಲ್ಲಿ ಹೊರಳಿಸಿ ಅಬ್ಬೆ ಕೋಟಿನ ಐದನೆಯ ಹಿತ್ತಾಳೆ ಗುಂಡಿಯನ್ನು ತಿಕ್ಕುತ್ತಿದ್ದಳು. ಮೊದಲ ನಾಲ್ಕು ಬಾಳೆಲೆಯ ಚೂರಿನ ಮೇಲೆ ಸಾಲಾಗಿ ಕೂತು ಬೆಳಗಿನ ಬಿಸಿಲಿಗೆ ಮಿನುಗುತ್ತಿದ್ದವು. ಒಂದೊಂದರ ಮೇಲೂ ಒಂದು ಪುಟ್ಟ ಲಂಗರು, ಅದಕ್ಕೆ ಸುತ್ತಿಕೊಂಡ ಹಗ್ಗ.

ಜಟ್ಟ ಜಗಲಿಯ ಕಂಬಕ್ಕೆ ಒರಗಿ ಷರ್ಟಿನ ತೋಳು ಮಡಚುತ್ತ ನೋಡುತ್ತಿದ್ದ. ಅಬ್ಬೆಯ ಕೈಯಲ್ಲಿ ತೆಂಗಿನ ಕರಟದ ಒಂದು ಚಪ್ಪಟೆ ಚೂರಿತ್ತು, ನಡುವೆ ಉದ್ದಕ್ಕೆ ಒಂದು ಸೀಳು. ಗುಂಡಿಯ ಹಿಂಬದಿಯ ಕೊಂಡಿಯನ್ನು ಆ ಸೀಳಿಗೆ ಜಾರಿಸಿದರೆ ಗುಂಡಿ ಅಲ್ಲಾಡದೆ ನಿಲ್ಲುತ್ತಿತ್ತು. ಓದು ಬರಹ ಇಲ್ಲದವರ ಕೈಯಲ್ಲೂ ಒಂದು ಬಗೆಯ ಬುದ್ಧಿ ಇರುತ್ತದೆ ಎಂದು, ತರಗತಿಯಲ್ಲಿ ಹೇಳಬಹುದಾದ ಒಂದು ವಾಕ್ಯ ಅವನ ತಲೆಯಲ್ಲಿ ತಯಾರಾಯಿತು. ಕರಟದ ಸೀಳು ಹುಳಿ ಹೀರಿ ಹೀರಿ ಕಪ್ಪಾಗಿತ್ತು. ಅದು ಎಷ್ಟು ಹಳೆಯದು ಎಂದು ಅವನು ಕೇಳಲಿಲ್ಲ.

ಏಳೂ ಗುಂಡಿಗಳನ್ನು ಒಂದು ತಿಂಗಳ ಹಿಂದೆ ಅವನೇ ಅಗೆದು ತೆಗೆದಿದ್ದ. ಶರಾವತಿಯ ನಡುಗಡ್ಡೆ, ಅವನು ಹುಟ್ಟಿದ ಮಾವಿನಕುರ್ವೆಯ ತುದಿಯಲ್ಲಿ, ಹೊಳೆಯಂಚಿನ ಹೊನ್ನೆಮರದ ಬುಡದಲ್ಲಿ, ಮೊಣಕೈ ಆಳದಲ್ಲಿ. ತೆಗೆದದ್ದು ಅವನಾದರೂ ಕಂಡುಹಿಡಿದದ್ದು ಯಂತ್ರ. ಕಳೆದ ಮಹಾಯುದ್ಧದಲ್ಲಿ ನೆಲದಡಿಯ ಬಾಂಬು ಹುಡುಕಲು ಸೈನ್ಯದವರು ಬಳಸಿದ್ದ ಯಂತ್ರ ಅದು. ಭಟ್ಕಳದ ಗುಜರಿ ಅಂಗಡಿಯೊಂದರಲ್ಲಿ ತುಕ್ಕು ಹಿಡಿದ ಸರಪಳಿಗಳ ನಡುವೆ ಬಿದ್ದಿತ್ತು. ತನ್ನ ಸೈಕಲ್ಲನ್ನು ಬದಲಿಗೆ ಕೊಟ್ಟು ಅದನ್ನು ಹೊತ್ತು ತಂದಿದ್ದ. ಉದ್ದ ಕೋಲಿನ ತುದಿಗೆ ದುಂಡು ತಟ್ಟೆ, ಹೆಗಲಿಗೆ ಬ್ಯಾಟರಿಯ ಪೆಟ್ಟಿಗೆ, ಕಿವಿಗೆ ಎರಡು ಕರಿ ಬಿಲ್ಲೆ. ತಟ್ಟೆಯ ಹತ್ತಿರ ಲೋಹ ಬಂದರೆ ಬಿಲ್ಲೆಗಳೊಳಗೆ ಗುಂಯ್ ಎಂಬ ಸದ್ದು ಸಣ್ಣಗೆ ಏರುತ್ತದೆ. ಆ ಸದ್ದು ತನಗೊಬ್ಬನಿಗೇ ಕೇಳುತ್ತದೆ ಎಂಬುದು ಅವನಿಗೆ ಬಹಳ ಇಷ್ಟ.

ಎರಡು ವರ್ಷದಿಂದ ರವಿವಾರಗಳೆಲ್ಲ ಹೀಗೇ ಕಳೆದಿದ್ದವು. ಕುಮಟೆಯ ಬಂದರದ ಮರಳಿನಲ್ಲಿ ಒಂದು ಪೋಲೀಸು ಗುಂಡಿ. ಭಟ್ಕಳದಲ್ಲಿ ಶೇರವಾನಿಯ ಬೆಳ್ಳಿ ಗುಂಡಿ. ಕಾಗಾಲದ ಗದ್ದೆಯ ಬದುವಿನಲ್ಲಿ ಯಾವನೋ ಪಾದ್ರಿಯ ನಿಲುವಂಗಿಯದು. ಎಲ್ಲವೂ ಸಿಗರೇಟಿನ ಡಬ್ಬಿಗಳಲ್ಲಿ, ಒಂದೊಂದಕ್ಕೂ ಒಂದು ಚೀಟಿ. ಗುಂಡಿ ನೋಡಿ ಅಂಗಿ ಹೇಳುತ್ತಿದ್ದ, ಅಂಗಿಯಿಂದ ಮನುಷ್ಯನನ್ನು. ಕಾಣದ ಮನುಷ್ಯರ ಪರಿಚಯ ಅವನಿಗೆ ಸುಲಭವಾಗಿ ಆಗುತ್ತಿತ್ತು.

ಲಂಗರಿನ ಗುಂಡಿಗಳ ಮನುಷ್ಯನನ್ನೂ ಅವನು ಗುರುತಿಸಿದ್ದ. ಕಾರವಾರದ ಲೈಬ್ರರಿಯಿಂದ ಇಂಗ್ಲಿಷ್ ಚಿತ್ರಪುಸ್ತಕ ತಂದು, ಶಾಲೆಯ ಕೈವಾರದಿಂದ ಅಡ್ಡಳತೆ ತೆಗೆದು, ನಾಲ್ಕು ಪುಟ ಬರೆದಿದ್ದ. ಟಿಪ್ಪುವಿನ ಕಾಲ. ಹೊನ್ನಾವರದ ಕೋಟೆಯಲ್ಲಿ ಇಂಗ್ಲಿಷರು. ಅಳಿವೆಯಲ್ಲಿ ಹಡಗು. ಹಡಗಿನ ಅಧಿಕಾರಿಯೊಬ್ಬನ ಕೋಟು. ಧಾರವಾಡದ ಇತಿಹಾಸದ ಪ್ರೊಫೆಸರ್ ಗಲಗಲಿಯವರು ಉತ್ತರ ಬರೆದಿದ್ದರು: ಗೋಕರ್ಣಕ್ಕೆ ಬರುವವನಿದ್ದೇನೆ, ರವಿವಾರ ಹತ್ತು ಗಂಟೆಗೆ ಹೊನ್ನಾವರದ ಪ್ರವಾಸಿ ಬಂಗಲೆಯಲ್ಲಿ ಸಿಗುತ್ತೇನೆ, ವಸ್ತು ಸಾಚಾ ಆದರೆ ನಮ್ಮ ಇತಿಹಾಸ ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ನಿಮ್ಮ ಹೆಸರಿನಲ್ಲಿ ಟಿಪ್ಪಣಿ ಬರುತ್ತದೆ. ‘ಶ್ರೀ ಜೆ. ಎಸ್. ಅಂಬಿಗ ಅವರಿಗೆ’ ಎಂದು ಟೈಪು ಮಾಡಿದ ಆ ಕಾಗದ ಎಂಟು ದಿನದಿಂದ ಅವನ ಕಿಸೆಯಲ್ಲಿತ್ತು. ತನ್ನ ಹೆಸರು ಅಷ್ಟು ನೆಟ್ಟಗೆ ನಿಂತದ್ದನ್ನು ಅವನು ಹಿಂದೆ ಕಂಡಿರಲಿಲ್ಲ.

ಏಳನೆಯದೂ ಮುಗಿಯಿತು. ತಂಗಿ ಕಮಲಿ ಒಳಗಿನಿಂದ ಮಡಿಸಿದ ಬಿಳಿ ಅರಿವೆ ತಂದಳು. ಅಬ್ಬೆ ಗುಂಡಿಗಳನ್ನು ಒಂದೊಂದಾಗಿ ಎತ್ತಿ, ಸೆರಗಿನಿಂದ ಒರೆಸಿ, ಅದರೊಳಗಿಟ್ಟಳು. ಆಗಲೇ ಅವನು ಗಮನಿಸಿದ್ದು: ಅಬ್ಬೆ ಹಬ್ಬಕ್ಕೆ ಮಾತ್ರ ತೆಗೆಯುವ ಸೀರೆ ಉಟ್ಟಿದ್ದಳು.

“ನಾನೂ ಬರ್ಲಾ?”

“ಬೇಡ. ಅಲ್ಲಿ ಎಲ್ಲ ಇಂಗ್ಲೀಷಲ್ಲಿ ಮಾತಾಡ್ತ್ರು.”

ಅಬ್ಬೆಗೆ ಬೇಸರವಾದಂತೆ ಕಾಣಲಿಲ್ಲ. ಅರಿವೆಯ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಅವನಿಗೆ ಕೊಟ್ಟಳು, ದೇವರ ಮುಂದಿನ ಕಾಯಿ ಕೊಡುವ ಹಾಗೆ.

“ಎಲ್ಲಾ ಸಮ ಹೇಳು. ಯಾರ್ದು ಅಂತ ಹೇಳು.”

“ಹೇಳ್ತೆ.”

ಮೂರು ವರ್ಷದ ಹಿಂದೆ, ಹೈಸ್ಕೂಲಿನಲ್ಲಿ ಕೆಲಸ ಖಾಯಂ ಆದಾಗ, ಅವನು ಇವರಿಬ್ಬರನ್ನೂ ಕುರ್ವೆಯಿಂದ ಹೊನ್ನಾವರದ ಈ ಹೆಂಚಿನ ಮನೆಗೆ ಕರೆತಂದಿದ್ದ. ತಂದವನೇ ಅಬ್ಬೆಯ ಮೀನಿನ ಬುಟ್ಟಿ ಬಿಡಿಸಿದ. ಕಮಲಿ ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವಳು. ಅಬ್ಬೆಯ ಎರಡನೆಯ ಬುಟ್ಟಿ ಹೊರಲು ಒಬ್ಬರು ಬೇಕಿತ್ತು, ಅಣ್ಣ ಓದುತ್ತಿದ್ದ. ಈಗ ಬುಟ್ಟಿಯೂ ಇಲ್ಲ, ಶಾಲೆಯೂ ಇಲ್ಲ. ಇಬ್ಬರೂ ದಿನವಿಡೀ ಸ್ವಚ್ಛವಾದ ಮನೆಯನ್ನು ಸ್ವಚ್ಛ ಮಾಡುತ್ತಿದ್ದರು.

ಬಂದರ ರಸ್ತೆಯ ತಿರುವಿನಲ್ಲಿ ತ್ರ್ಯಂಬಕ ಮಾಸ್ತರು ಸೇರಿಕೊಂಡರು. ಅವನ ಹೈಸ್ಕೂಲಿನಲ್ಲೇ ಸಂಸ್ಕೃತ ಕಲಿಸುವವರು, ಅಡಿಕೆ ತೋಟದ ಮನೆತನ. ಪ್ರೊಫೆಸರರ ಹೆಂಡತಿಯ ಕಡೆಯಿಂದ ಏನೋ ನಂಟು ಇತ್ತಂತೆ. ಕರೆಯದೆ ಬರಲು ಅಷ್ಟು ಸಾಕಿತ್ತು.

“ಎಂತ ಅಂಬಿಗ ಮಾಸ್ತರೇ, ನೆಲಕ್ಕೆ ಡಾಕ್ಟರ್ರ ಹಂಗೆ ಕೊಳವೆ ಹಚ್ಚಿ ಕೇಳ್ತ್ರಂತೆ? ಜ್ವರ ಎಷ್ಟದೆ?”

ಜಟ್ಟ ನಕ್ಕ. ನಗುವುದನ್ನು ಸಹ ಅವನು ಶಾಲೆಯಲ್ಲೇ ಕಲಿತದ್ದು.

“ಅಲ್ಲ, ನಿಮ್ಮ ಪೈಕಿ ಜನ ನೀರಲ್ಲಿ ಬಲೆ ಹಾಕ್ತಿದ್ರು. ನೀವು ಮಣ್ಣಲ್ಲಿ. ಒಟ್ಟು ಬೀಸೂದು ತಪ್ಪೂದಿಲ್ಲ.”

ಕಿಸೆಯ ಕಾಗದ ಎದೆಗೆ ಒತ್ತುತ್ತಿತ್ತು. ಇನ್ನೊಂದು ತಾಸು, ಅಂದುಕೊಂಡ. ಇನ್ನೊಂದು ತಾಸಾದ ಮೇಲೆ ಇದೇ ಬಾಯಿ ‘ಟಿಪ್ಪಣಿ ನೋಡಿದೆ ಮಾಸ್ತರೇ’ ಎನ್ನಬೇಕಾಗುತ್ತದೆ. ಗುಂಡಿ ಸುಳ್ಳಾದರೆ ಆ ಬಾಯಿ ಏನೆನ್ನುತ್ತದೆ ಎಂಬುದನ್ನೂ ಅವನು ಬಲ್ಲ. ಮಾಸ್ತರರ ಕೊಠಡಿಯಲ್ಲಿ ಆ ಮಾತಿಗೆ ಸಾಯುವವರೆಗೆ ಆಯುಷ್ಯ.

ಬಂಗಲೆಯ ಜಗಲಿಯಲ್ಲಿ ಗಲಗಲಿಯವರು ಬೆತ್ತದ ಕುರ್ಚಿಯ ಮೇಲೆ ಕೂತು ಬಶಿಗೆ ಸುರಿದ ಚಹ ಊದುತ್ತಿದ್ದರು. ದಪ್ಪ ದೇಹ, ತೆಳು ದನಿ. ಮಾತಾಡಿದ್ದು ಇಂಗ್ಲಿಷಿನಲ್ಲಿ ಅಲ್ಲ, ಧಾರವಾಡದ ಕನ್ನಡದಲ್ಲಿ. ಅಬ್ಬೆ ಬಂದಿದ್ದರೆ ಎಲ್ಲ ತಿಳಿಯುತ್ತಿತ್ತು ಎಂಬ ಯೋಚನೆ ಒಂದು ಕ್ಷಣ ಸುಳಿದು ಹೋಯಿತು.

ಮೇಜಿನ ಮೇಲೆ ಅರಿವೆ ಬಿಚ್ಚಿದ. ಏಳು ಗುಂಡಿ ಒಟ್ಟಿಗೆ ಹೊಳೆದವು. ತ್ರ್ಯಂಬಕ ಮಾಸ್ತರರ ಮುಖದಲ್ಲಿ ಏನೋ ಸ್ವಲ್ಪ ಸಡಿಲಾಯಿತು. ಜಟ್ಟನಿಗೆ ಅಷ್ಟೇ ಸಾಕಾಗಿತ್ತು. ಅವನು ಮಾತು ಶುರು ಮಾಡಿದ. ಅಳತೆ, ತೂಕ, ಲಂಗರಿನ ಆಕಾರ, ಹಗ್ಗ ಯಾವ ಕಡೆಯಿಂದ ಸುತ್ತಿದೆ, ಪುಸ್ತಕದ ಎಷ್ಟನೆಯ ಚಿತ್ರ. ತನ್ನ ಧ್ವನಿ ತನಗೇ ಚೆನ್ನಾಗಿ ಕೇಳಿಸಿತು. ಈ ಕರಾವಳಿಯಲ್ಲಿ ಇಂಥದನ್ನು ಓದಬಲ್ಲವನು ತಾನೊಬ್ಬನೇ. ಅದು ನಿಜವೂ ಆಗಿತ್ತು.

ಪ್ರೊಫೆಸರರು ಭೂತಗನ್ನಡಿ ಹಿಡಿದು ಒಂದೊಂದನ್ನೂ ತಿರುವಿದರು.

“ಏಳ ಏನು? ಇಂಥಾ ಕೋಟಿಗೆ ಎಂಟಿರಬೇಕಲ್ಲ. ಈ ಕಡೆ ನಾಕು, ಆ ಕಡೆ ನಾಕು.”

“ಎಂಟನೆಯದು ಹೊಳೆಗೆ ಹೋಗಿರಬೇಕು, ಸರ್.”

“ಇರಬಹುದು.” ಅವರು ಇನ್ನೊಂದನ್ನು ಎತ್ತಿದರು. “ಹಿಂದಿನ ಅಕ್ಷರ ಕರಗ್ಯಾವ. ಇವು ಬೆಂಕ್ಯಾಗ ಬಿದ್ದಾವ್ರಿ. ಬರೇ ಮಣ್ಣಾಗಿನ ಹಳೇತನ ಅಲ್ಲ ಇದು. ಇಲ್ನೋಡ್ರಿ, ಕೊಂಡಿಯೊಳಗ ಉಣ್ಣೆ ಸುಟ್ಟು ಹತ್ತಿಕೊಂಡದ.”

ಭೂತಗನ್ನಡಿಯನ್ನು ಅವನ ಕೈಗೆ ಕೊಟ್ಟರು. ಅವನು ಬಗ್ಗಿ ನೋಡಿದ. ಕೊಂಡಿಯ ಒಳಗೆ, ಅಬ್ಬೆಯ ಹುಳಿ ತಲುಪದ ಜಾಗದಲ್ಲಿ, ಸಾಸಿವೆಯಷ್ಟು ಕಪ್ಪು. ಹಡಗಿಗೆ ಬೆಂಕಿ ಬಿದ್ದಿರಬೇಕು ಎನ್ನಲು ಬಾಯಿ ತೆರೆದ. ಟಿಪ್ಪಣಿಗೆ ಇನ್ನೂ ಒಂದು ಪುಟ.

ವಾಸನೆ ಮೊದಲು ಬಂತು.

ಉಣ್ಣೆ ಸುಡುವ ವಾಸನೆ. ಅದು ಆ ಕಪ್ಪಿನಿಂದ ಬರಲು ಸಾಧ್ಯವಿರಲಿಲ್ಲ. ಇಪ್ಪತ್ಮೂರು ವರ್ಷದ ಹಿಂದಿನಿಂದ ಬಂತು. ಹೊಳೆಯಂಚು. ಬೈಹುಲ್ಲಿನ ಒಬ್ಬ ಆಳು ಅಂಗಾತ ಮಲಗಿದ್ದಾನೆ. ಅವನಿಗೆ ನೀಲಿ ಕೋಟು ತೊಡಿಸಿದ್ದಾರೆ. ಕೋಟಿನ ಹಿತ್ತಾಳೆ ಗುಂಡಿಗಳು ಹುಲ್ಲಿಗಿಂತ ಜೀವಂತವಾಗಿವೆ. ಉರಿಯುವ ತೆಂಗಿನ ಗರಿಯ ಸೂಡಿಯನ್ನು ಯಾರೋ ಅವನ ಕೈಗೆ ಕೊಡುತ್ತಾರೆ. ಕೈ ಸಣ್ಣದು, ಆರು ವರ್ಷದ್ದು. ಅದರ ಮೇಲೆ ಹೊಳೆ ದಾಟಿಸುವ ತಾರಿ ದೋಣಿಯ ಬೊಮ್ಮನ ದೊಡ್ಡ ಕೈ. “ಮುಟ್ಸು ಜಟ್ಟಾ, ನಿನ್ನಪ್ಪ ಅಂವ.” ಅದು ಅಪ್ಪ ಅಲ್ಲ, ಹುಲ್ಲು ಎಂದು ಅವನು ಅತ್ತಿದ್ದ. ಆದರೂ ಮುಟ್ಟಿಸಿದ್ದ.

ಅಪ್ಪ ಸೋಮ ಬಂದರದ ಲಾಂಚು ನಡೆಸುವ ತಾಂಡೇಲನಾಗಿದ್ದ. ಮುಂಬಯಿಯ ಬೋಟು ಬರುವ ದಿನ ಮಾತ್ರ ತೊಡಲು ಕೊಟ್ಟ ಕೋಟು ಅದು. ಮಳೆಗಾಲದ ಬಾಯಲ್ಲಿ ಒಂದು ದಿನ ಯಾರದೋ ದೋಣಿ ಅಳಿವೆಯಲ್ಲಿ ಸಿಕ್ಕಿಕೊಂಡಿತೆಂದು ಬರಿಮೈಯಲ್ಲಿ ಹೋದವನು ಬರಲಿಲ್ಲ. ಕೋಟು ಗೂಟದಲ್ಲೇ ಇತ್ತು. ಹನ್ನೆರಡು ದಿನ ಕಾದರು. ಹೆಣ ಸಿಗದಿದ್ದಾಗ ಹುಲ್ಲಿಗೆ ಕೋಟು ತೊಡಿಸಿ ಸುಟ್ಟು, ಬೂದಿಯನ್ನು ಅಲ್ಲೇ ಹೊನ್ನೆಮರದ ಬುಡದಲ್ಲಿ ಮುಚ್ಚಿದರು. ಇದೆಲ್ಲ ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಅವನು ಯಾವ ಡಬ್ಬಿಯಲ್ಲಿ ಇಟ್ಟಿದ್ದನೋ, ಚೀಟಿ ಹಚ್ಚಿರಲಿಲ್ಲ.

“ಏನಂತೀರಿ?” ಪ್ರೊಫೆಸರರು ಕೇಳಿದರು.

“ಬೆಂಕಿ ಹೌದು, ಸರ್.”

“ನೋಡ್ರಿ, ನಿಮ್ಮ ಕಾಗದ ನನಗ ಭಾಳ ಸೇರೇದ. ಆದರ ಗುಂಡಿ ತಾನಾಗೇ ಮಾತಾಡೂದಿಲ್ಲ. ಹಳೇದೂ ಇರಬಹುದು, ನಿನ್ನೆ ಮೊನ್ನೇದೂ ಇರಬಹುದು. ಊರ ಸಾಕ್ಷಿ ಮುಖ್ಯ. ಈ ಕಡೆ ಇತ್ತೀಚೆಗೆ ಯಾರರೇ ಇಂಥಾ ಕೋಟು ಹಾಕ್ತಿದ್ರೇನು?”

ತ್ರ್ಯಂಬಕ ಮಾಸ್ತರು ಎಲೆಯಡಿಕೆಯನ್ನು ದವಡೆಯ ಒಂದು ಬದಿಗೆ ಸರಿಸಿದರು.

“ನಾ ಸಣ್ಣಂವ ಇದ್ದಾಗ ಬಂದರದ ಲಾಂಚಿನ ಮೇಲೆ ಒಬ್ಬ ನೀಲಿ ಕೋಟಿನಂವ ನಿಂತಿರ್ತಿದ್ದ ಅಂತ ನೆನಪು. ಇವ್ರ ಕುರ್ವೆ ಬದಿಯಂವನೇ. ಕೆಳಗೆ ಲುಂಗಿ, ಮೇಲೆ ಕೋಟು.” ಅವರು ನಕ್ಕರು. “ಮಾಸ್ತರಿಗೆ ಗೊತ್ತಿರ್ಬೇಕು. ಯಾರದು ಅಂಬಿಗ ಮಾಸ್ತರೇ?”

ಇಬ್ಬರೂ ಅವನನ್ನೇ ನೋಡಿದರು. ಬಂಗಲೆಯ ಅಂಗಳದಲ್ಲಿ ಯಾರೋ ಒಣಗಿದ ಎಲೆ ಗುಡಿಸುತ್ತಿದ್ದರು. ಗುಡಿಸುವ ಸದ್ದು ನಿಂತಿತು. ಮತ್ತೆ ಶುರುವಾಯಿತು.

ಹೇಳುವುದು ಸುಲಭವಿತ್ತು. ನಾಲ್ಕು ಅಕ್ಷರದ ಮಾತು. ಆ ಮಾತಿನ ಹಿಂದೆ ಲುಂಗಿ ಉಟ್ಟವನೊಬ್ಬ ಬಂದು ಈ ಜಗಲಿಯ ಮೇಲೆ ನಿಲ್ಲುತ್ತಿದ್ದ. ಇಂಗ್ಲಿಷ್ ಅಧಿಕಾರಿ ಎದ್ದು ಹೋಗುತ್ತಿದ್ದ.

“ಇಲ್ಲ,” ಅಂದ ಜಟ್ಟ. “ಕುರ್ವೆಯಲ್ಲಿ ಇರುವವರೆಲ್ಲ ಬರಿಮೈಯ ಮೀನುಗಾರರು, ಸರ್. ಅಲ್ಲಿ ಕೋಟು ಹಾಕಿದವರನ್ನು ನಾನು ಕಂಡಿಲ್ಲ, ಕೇಳಿಲ್ಲ.”

ವ್ಯಾಕರಣದಲ್ಲಿ ತಪ್ಪಿರಲಿಲ್ಲ. ಧ್ವನಿಯೂ ನಡುಗಲಿಲ್ಲ. ಅದಕ್ಕಾಗಿ ಅವನಿಗೆ ಒಳಗೆಲ್ಲೋ ಹೆಮ್ಮೆಯೇ ಆಯಿತು.

“ಅಲ್ಲೇ ಹುಟ್ಟಿದವರು ಹೇಳ್ತಾರಂದ ಮ್ಯಾಲ ಮುಗೀತು,” ಎಂದು ಪ್ರೊಫೆಸರರು ಪೆನ್ನಿನ ಟೊಪ್ಪಿಗೆ ತೆಗೆದರು. ಕಾಲೇಜಿನ ಸಂಗ್ರಹಾಲಯದಲ್ಲಿ ಗಾಜಿನ ಕಪಾಟಿನಲ್ಲಿ ಇಡುವುದಾಗಿ ಹೇಳಿದರು. ಕೆಳಗೆ ಚೀಟಿಯಲ್ಲಿ ಶೋಧಕರ ಹೆಸರು. ಒಂದು ಹಾಳೆಯ ಮೇಲೆ ಗುಂಡಿಗಳು ಸಂದ ಬಗ್ಗೆ ಪಾವತಿ ಬರೆದು ಸಹಿ ಹಾಕಿ ಕೊಟ್ಟರು. ಅಬ್ಬೆಯ ಬಿಳಿ ಅರಿವೆಯ ಸಮೇತ ಗುಂಡಿಗಳು ಅವರ ಚರ್ಮದ ಚೀಲದೊಳಗೆ ಹೋದವು. ಚೀಲದ ಬಾಯಿ ಮುಚ್ಚುವಾಗ ಒಳಗೆ ಅವು ಒಂದಕ್ಕೊಂದು ತಾಗಿ ಸದ್ದು ಮಾಡಿದವು.

ತ್ರ್ಯಂಬಕ ಮಾಸ್ತರು ಅವನ ಕೈ ಕುಲುಕಿದರು. ಮೊದಲ ಸಲ. “ನಾಳೆ ಹೆಡ್ಮಾಸ್ತರಿಗೆ ನಾನೇ ಹೇಳ್ತೆ,” ಅಂದರು. ಕೊಂಕು ಮಾತು ಒಂದೂ ಇರಲಿಲ್ಲ. ಜಟ್ಟ ಅದನ್ನು ಎರಡು ವರ್ಷದಿಂದ ಬಯಸಿದ್ದ. ಕೈಗೆ ಬಂದಾಗ ಅದು ಎಲ್ಲರ ಕೈಯಂತೆಯೇ ಇತ್ತು: ಬೆಚ್ಚಗೆ, ಸ್ವಲ್ಪ ಒದ್ದೆ.

ಮನೆಗೆ ನೇರ ಹೋಗಲಿಲ್ಲ. ಬಂದರದ ಕಟ್ಟೆಯ ಮೇಲೆ ಕೂತ. ಶರಾವತಿ ಇಳಿತದಲ್ಲಿತ್ತು. ಕುರ್ವೆಯಿಂದ ತಾರಿ ದೋಣಿ ಬಂದು, ಜನ ಇಳಿದು, ಜನ ಹತ್ತಿದರು. ಹುಟ್ಟು ಹಿಡಿದವನು ಬೊಮ್ಮ, ಈಗ ಮುದುಕ. ಅವನ ಕೈ ಮಾತ್ರ ಹಾಗೇ ದೊಡ್ಡದು.

“ಜಟ್ಟಾ, ಬತ್ಯೇನಾ? ಜಾಗ ಅದೆ.”

ಜಟ್ಟ ಕಿಸೆಯಿಂದ ಪಾವತಿ ತೆಗೆದು ಓದತೊಡಗಿದ. ದೋಣಿ ಸ್ವಲ್ಪ ಕಾದು ಹೋಯಿತು. ಆ ಮೂರು ಸಾಲನ್ನು ಅವನು ಬಿಸಿಲು ಇಳಿಯುವವರೆಗೆ ಓದಿದ.

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದಾಗ ಅಬ್ಬೆ ಇನ್ನೂ ಹಬ್ಬದ ಸೀರೆಯಲ್ಲೇ ಇದ್ದಳು. ಕಮಲಿ ಪಾಯಸ ಮಾಡಿದ್ದಳು. ಅವನು ಯಂತ್ರವನ್ನು ಒಳಗೆ ತಂದಿಟ್ಟುಕೊಂಡು ನೆಲದ ಮೇಲೆ ಕೂತ. ಬ್ಯಾಟರಿ ಪರೀಕ್ಷಿಸುವ ನೆವ. ಕೈಗೆ ಏನಾದರೂ ಕೆಲಸ ಬೇಕಿತ್ತು. ಯಂತ್ರದ ಕೀಲು ತಿರುಗಿಸಿ ಚಾಲೂ ಮಾಡಿದ, ಬಿಲ್ಲೆಗಳನ್ನು ಕಿವಿಗೆ ಹಚ್ಚಲಿಲ್ಲ, ಪಕ್ಕದಲ್ಲಿಟ್ಟ.

“ಹೇಳ್ದ್ಯಾ?” ಅಂದಳು ಅಬ್ಬೆ.

ಅವನು ತಲೆಯಾಡಿಸಿದ. ಹೌದು ಎಂದೋ, ಇಲ್ಲ ಎಂದೋ, ಹೇಗೆ ಬೇಕಾದರೂ ತಿಳಿಯಬಹುದಾದ ಹಾಗೆ.

“ಬರ್ಕಂಡ್ರಾ?”

ಅವನು ಪಾವತಿಯನ್ನು ಚಾಚಿದ. ಅದು ಅಬ್ಬೆಯ ಕೈಗೆ ಹೋಗಿ, ಅಲ್ಲಿಂದ ಕಮಲಿಯ ಕೈಗೆ ಹೋಯಿತು. ಕಮಲಿ ದೀಪದ ಹತ್ತಿರ ಸರಿದು ದನಿ ಹೊರಡಿಸದೆ ತುಟಿ ಅಲ್ಲಾಡಿಸುತ್ತ ಓದಿದಳು. ನಾಲ್ಕನೆಯ ಇಯತ್ತೆಯ ಓದು. ನಿಧಾನ, ಆದರೆ ಒಂದಕ್ಷರವನ್ನೂ ಬಿಡುವುದಿಲ್ಲ. ಶ್ರೀ ಜೆ. ಎಸ್. ಅಂಬಿಗ ಇವರಿಂದ ಹಿತ್ತಾಳೆ ಗುಂಡಿ ಏಳು ಪಾವತಿ. ಇಂಗ್ಲಿಷ್ ನೌಕಾ ಅಧಿಕಾರಿಯವು. ಕ್ರಿಸ್ತಶಕ ಹದಿನೆಂಟನೆಯ ಶತಮಾನ.

ಓದಿ ಮುಗಿದ ಮೇಲೂ ಅವಳು ಹಾಳೆಯಿಂದ ಕಣ್ಣು ತೆಗೆಯಲಿಲ್ಲ.

“ಕೋಟಿನ ಗುಂಡಿಗೆ ವಾರಕ್ಕೊಂದ್ಸಲ ಹುಳಿ ಹಾಕಿ ತಿಕ್ತಿದ್ದೆ,” ಅಬ್ಬೆ ಹೇಳುತ್ತಿದ್ದಳು, ಯಾರಿಗೆಂದಿಲ್ಲದೆ. “ಬಟ್ಟೆಗೆ ಕಲೆ ಆಗ್ತದೆ ಅಂತ ಅವ್ರೇ ಈ ಕರಟ ಕೊರ್ದು ಕೊಟ್ಟಿದ್ರು. ಬೋಟು ಬರೂ ದಿವ್ಸ ದಂಡೆ ಮೇಲೆ ನಿಂತ್ರೆ ಲಾಂಚಿಂದ ಹೊಳೂದು ಕಾಣ್ತಿತ್ತು. ನೀ ಹೊನ್ನೆಮರದ ಬುಡ ಅಂದ ಕೂಡ್ಲೇ ನಂಗೆ ಗೊತ್ತಾತು, ಮಗ ಅಪ್ಪನ್ನ ಹುಡ್ಕಂಡ ಅಂತ. ಧಾರವಾಡದಿಂದ ದೊಡ್ಡೋರು ಬಂದು ನೋಡ್ತ್ರು ಅಂದ್ರೆ ಸಣ್ಣ ಮಾತಾ?” ಅವಳು ಕಮಲಿಯ ಕಡೆ ತಿರುಗಿದಳು. “ನಿನ್ನಪ್ಪನ ಹೆಸ್ರು ಎಲ್ಲದೆ, ತೋರ್ಸು.”

ಕಮಲಿ ಅಣ್ಣನನ್ನು ನೋಡಿದಳು. ಬೈಯುವ ನೋಟವಲ್ಲ; ಬಾವಿಯ ನೀರು ಎಷ್ಟು ಕೆಳಗಿದೆ ಎಂದು ನೋಡುವ ನೋಟ. ಆಮೇಲೆ ಅಬ್ಬೆಯ ತೋರುಬೆರಳನ್ನು ಹಿಡಿದು ಮೊದಲ ಸಾಲಿನ ಮೇಲೆ ಇಟ್ಟಳು. ‘ಜೆ.’ ದಾಟಿ, ‘ಅಂಬಿಗ’ಕ್ಕಿಂತ ಮೊದಲು, ‘ಎಸ್.’ ಎಂಬಲ್ಲಿ.

“ಇಲ್ಲದೆ ಅಬ್ಬೆ. ಸೋಮ.”

“ಇಷ್ಟು ಸಣ್ಣಕ್ಕಾ?”

“ದೊಡ್ಡೋರು ಹಂಗೇ ಬರೂದು.”

ಅಬ್ಬೆ ಆ ಅಕ್ಷರವನ್ನು ಬೆರಳಿನಿಂದ ಒಮ್ಮೆ ಸವರಿದಳು. ಮಸಿ ಆರಿತ್ತು, ಬೆರಳಿಗೆ ಹತ್ತಲಿಲ್ಲ. ಅವಳ ಬೆನ್ನು ನೆಟ್ಟಗಾಯಿತು. ತಲೆಯ ಮೇಲೆ ಬುಟ್ಟಿ ಹೊತ್ತು ನಡೆಯುವಾಗಿನ ಆ ಬೆನ್ನನ್ನು ಜಟ್ಟ ಮೂರು ವರ್ಷದಿಂದ ಕಂಡಿರಲಿಲ್ಲ.

ಅವಳು ಸೆರಗಿನ ತುದಿಯ ಗಂಟನ್ನು ಹಲ್ಲಿನಿಂದ ಬಿಚ್ಚಿದಳು. ಆ ಗಂಟು ಅವನು ಚಿಕ್ಕಂದಿನಿಂದ ಕಂಡದ್ದು. ಅಡಿಕೆಯ ಹೋಳೋ ಚಿಲ್ಲರೆಯೋ ಎಂದು ತಿಳಿದಿದ್ದ. ಒಳಗಿನಿಂದ ಒಂದು ಗುಂಡಿ ಬಂತು. ಬೆಂಕಿ ಕಾಣದ್ದು. ತಿಕ್ಕಿ ತಿಕ್ಕಿ ಲಂಗರು ಸವೆದು ಹೋಗಿತ್ತು. ಹಗ್ಗ ಇದ್ದಲ್ಲಿ ನುಣುಪು.

“ಕುತ್ಗಿ ಹತ್ರದ್ದು. ಸುಡೂಕೆ ಮುಂಚೆ ಕತ್ರಿಸ್ಕಂಡಿದ್ದೆ.”

ಅದನ್ನು ಅವನ ಮುಂದೆ ನೆಲದ ಮೇಲೆ ಇಟ್ಟಳು, ಯಂತ್ರದ ತಟ್ಟೆಯ ಪಕ್ಕದಲ್ಲಿ. ಯಾರ ಕಿವಿಯೂ ಇಲ್ಲದ ಎರಡು ಬಿಲ್ಲೆಗಳು ನೆಲದ ಮೇಲೆ, ಒಂದು ತಲೆಯಷ್ಟು ಜಾಗ ನಡುವೆ ಬಿಟ್ಟುಕೊಂಡು, ಗುಂಯ್ ಎನ್ನತೊಡಗಿದವು. ಕಮಲಿ ದೀಪದ ಬತ್ತಿಯನ್ನು ನೋಡುತ್ತಿದ್ದಳು. ಜಟ್ಟ ಬಿಲ್ಲೆಗಳ ನಡುವಿನ ಜಾಗವನ್ನು ನೋಡುತ್ತಿದ್ದ.

“ಒಂದು ಕಡ್ಮಿ ಆದ್ರೆ ಕೋಟು ಸಮ ಕೂರೂದಿಲ್ಲ,” ಅಂದಳು ಅಬ್ಬೆ. “ನಾಳಿಗೆ ಇದನ್ನೂ ಆ ದೊಡ್ಡೋರಿಗೆ ಮುಟ್ಸಿ ಬಾ, ಜಟ್ಟಾ.”